ಸೈನ್ಯವಿಲ್ಲದ ಸೇನಾಪತಿಯ ಚಿತ್ರ

ತೆರೆಯ ಮೇಲಿರುವ ಈ ಮನುಷ್ಯನನ್ನು ಒಂದು ನಿಮಿಷ ಸುಮ್ನೆ ನೋಡಿ. ಹೆಸರು ಆಮೇಲೆ ಹೇಳುತ್ತೇನೆ. ಭಾರಿ ಮೈ. ದುಂಡು ಮುಖ, ಗಲ್ಲದ ಕೆಳಗೆ ಇನ್ನೊಂದು ಗಲ್ಲ. ತಲೆಗೆ ವಿಗ್. ಮೈಮೇಲೆ ಗಾರ್ಟರ್ ಪದವಿಯ ಗುರುತು, ಅಂದರೆ ಬ್ರಿಟನ್ನಿನ ರಾಜ ಕೊಡುವ ಅತಿ ದೊಡ್ಡ ಗೌರವ. ವಯಸ್ಸು ಎಷ್ಟಿರಬಹುದು? ಐವತ್ತೈದು ಅಂತ ಯಾರೋ ಹೇಳಿದರು. ನನಗೂ ಹಾಗೇ ಅನ್ನಿಸುತ್ತದೆ. ಆದರೆ ಈ ಚಿತ್ರ ಬರೆದಾಗ ಅವನಿಗೆ ನಲವತ್ತೂ ತುಂಬಿರಲಿಲ್ಲ.

ಇವನು ವಿಲಿಯಂ ಆಗಸ್ಟಸ್, ಡ್ಯೂಕ್ ಆಫ್ ಕಂಬರ್‌ಲ್ಯಾಂಡ್. ಬ್ರಿಟನ್ನಿನ ರಾಜ ಎರಡನೇ ಜಾರ್ಜ್‌ನ ಮಗ. 1721ರಲ್ಲಿ ಹುಟ್ಟಿದವನು. ಇಪ್ಪತ್ತನಾಲ್ಕು ತುಂಬುವ ಹೊತ್ತಿಗೇ ಬ್ರಿಟಿಷ್ ಸೈನ್ಯದ ಮಹಾದಂಡನಾಯಕ. ಚಿತ್ರ ಲಂಡನ್ನಿನ ನ್ಯಾಷನಲ್ ಪೋರ್ಟ್ರೇಟ್ ಗ್ಯಾಲರಿಯದು. ಕಾಲ ಸುಮಾರು 1758ರಿಂದ 1760. ಬರೆದವರು ಯಾರು ಅನ್ನುವ ಜಾಗದಲ್ಲಿ ಗ್ಯಾಲರಿ ಸ್ವಲ್ಪ ಎಚ್ಚರಿಕೆಯಿಂದ ಮಾತಾಡುತ್ತದೆ. ಜೋಶುವಾ ರೆನಾಲ್ಡ್ಸ್ ಅನ್ನುವುದಿಲ್ಲ. ರೆನಾಲ್ಡ್ಸ್‌ನ ಸ್ಟುಡಿಯೊ ಅನ್ನುತ್ತದೆ.

ಇವತ್ತು ನಾನು ಹಿಡಿದುಕೊಂಡಿರುವುದು ಎರಡೇ ಎಳೆ. ಒಂದು, ಆ ವರ್ಷಗಳು. ಈ ಸೇನಾಪತಿ ಚಿತ್ರಕ್ಕೆ ಕೂತಾಗ ಅವನ ಕೈಯಲ್ಲಿ ಒಂದು ತುಕಡಿ ಸೈನ್ಯವೂ ಇರಲಿಲ್ಲ. ಎರಡು, ಆ ಸ್ಟುಡಿಯೊ. ಅಲ್ಲಿ ಒಬ್ಬ ದೊಡ್ಡ ಮನುಷ್ಯನ ಚಿತ್ರ ಹೇಗೆ ತಯಾರಾಗುತ್ತಿತ್ತು ಅನ್ನುವುದು. ಇವೆರಡೂ ಸೇರಿದಾಗ ಚಿತ್ರ ಬೇರೆಯೇ ಆಗಿ ಕಾಣುತ್ತದೆ ಅನ್ನುವುದು ನನ್ನ ವಾದ.

ಮೊದಲು ಸೈನ್ಯದ ಕತೆ. ಬೇಗ ಹೇಳಿಬಿಡುತ್ತೇನೆ.

1743ರಲ್ಲಿ ಜರ್ಮನಿಯ ಡೆಟ್ಟಿಂಗೆನ್‌ನಲ್ಲಿ ಯುದ್ಧ. ಅಪ್ಪನೇ ಕುದುರೆ ಏರಿ ಸೈನ್ಯ ನಡೆಸಿದ. ಬ್ರಿಟನ್ನಿನ ರಾಜನೊಬ್ಬ ಸ್ವತಃ ರಣರಂಗಕ್ಕೆ ಇಳಿದದ್ದು ಅದೇ ಕೊನೆ. ಅಲ್ಲಿ ಮಗನ ಕಾಲಿಗೆ ಗುಂಡು ಬಿತ್ತು. ಆ ಗಾಯ ಅವನನ್ನು ಜೀವನವಿಡೀ ಕಾಡಿತು. ಓಡಾಟ ಕಡಿಮೆ ಆಯಿತು, ಮೈ ಬೆಳೆಯಿತು. ಚಿತ್ರದಲ್ಲಿ ನೀವು ನೋಡುತ್ತಿರುವ ಗಾತ್ರಕ್ಕೆ ಊಟದ ಜೊತೆ ಆ ಕಾಲೂ ಸ್ವಲ್ಪ ಕಾರಣ.

1745ರ ಮೇ ತಿಂಗಳಲ್ಲಿ ಫಾಂಟೆನಾಯ್. ಎದುರಿಗೆ ಫ್ರಾನ್ಸಿನ ಮಾರ್ಷಲ್ ಮಾರಿಸ್ ಡಿ ಸ್ಯಾಕ್ಸ್. ಅವನಿಗೆ ಮೈಯೆಲ್ಲ ನೀರು ತುಂಬುವ ಕಾಯಿಲೆ. ಬೆತ್ತದ ಗಾಡಿಯಲ್ಲಿ ಕೂತು ಯುದ್ಧ ನಡೆಸಿದ. ಹಾಗೆ ಕೂತುಕೊಂಡೇ ಕಂಬರ್‌ಲ್ಯಾಂಡ್‌ನನ್ನು ಸೋಲಿಸಿದ.

ಅದೇ ವರ್ಷ ಸ್ಕಾಟ್ಲೆಂಡಿನಲ್ಲಿ ದಂಗೆ. ಸಿಂಹಾಸನ ಕಳೆದುಕೊಂಡ ಸ್ಟುವರ್ಟ್ ಮನೆತನದ ಚಾರ್ಲ್ಸ್ ಎಡ್ವರ್ಡ್ ಬಂದಿಳಿದು, ಹೈಲ್ಯಾಂಡ್ ಬೆಟ್ಟಗಳ ಜನರನ್ನು ಕಟ್ಟಿಕೊಂಡು ಲಂಡನ್ ಕಡೆ ಹೊರಟ. ಅರ್ಧ ದಾರಿಯಲ್ಲಿ ಹಿಂದೆ ತಿರುಗಿದ. 1746ರ ಏಪ್ರಿಲ್ 16ರಂದು ಕಲ್ಲೋಡನ್ ಬಯಲಲ್ಲಿ ಕೊನೆಯ ಯುದ್ಧ. ಹಿಂದಿನ ದಿನ ಕಂಬರ್‌ಲ್ಯಾಂಡ್‌ನ ಹುಟ್ಟುಹಬ್ಬ. ಸೈನಿಕರಿಗೆ ಬ್ರಾಂಡಿ ಹಂಚಿದ್ದರು. ಇವರು ಕುಡಿದು ಮಲಗಿರುತ್ತಾರೆ ಅಂದುಕೊಂಡು ಎದುರಾಳಿಗಳು ರಾತ್ರಿಯಿಡೀ ನಡೆದು ದಾಳಿ ಮಾಡಲು ಹೊರಟರು. ದಾರಿ ತಪ್ಪಿ, ಹೊತ್ತು ಮೀರಿ, ಹಸಿದು ಸುಸ್ತಾಗಿ ವಾಪಸ್ ಬಂದರು. ಬೆಳಗಾದ ಮೇಲೆ ಅದೇ ಜನ ಯುದ್ಧಕ್ಕೆ ನಿಲ್ಲಬೇಕಾಯಿತು. ಒಂದು ಗಂಟೆಯೊಳಗೆ ಎಲ್ಲ ಮುಗಿಯಿತು. ಸತ್ತವರು, ಗಾಯಗೊಂಡವರು ಸೇರಿ ಅವರ ಕಡೆ 1,500ರಿಂದ 2,000 ಜನ. ಇವನ ಕಡೆ ಸತ್ತವರು ಸುಮಾರು ಐವತ್ತು.

ಆಮೇಲೆ ನಡೆದದ್ದಕ್ಕೆ ಅವನ ಹೆಸರು ಇವತ್ತಿಗೂ ಅಂಟಿಕೊಂಡಿದೆ. ಬಿದ್ದ ಗಾಯಾಳುಗಳನ್ನು ಕೊಂದರು. ಹಳ್ಳಿಗಳಿಗೆ ಬೆಂಕಿ ಇಟ್ಟರು. ದನಗಳನ್ನು ಹೊಡೆದುಕೊಂಡು ಹೋದರು. ಅವನಿಗೆ 'ಕಸಾಯಿ' ಅನ್ನುವ ಅಡ್ಡಹೆಸರು ಬಿತ್ತು. ಗಮನಿಸಿ, ಅದೇ ವರ್ಷ ಸಂಸತ್ತು ಅವನ ವಾರ್ಷಿಕ ಉಂಬಳಿಯನ್ನು 25,000 ಪೌಂಡ್ ಜಾಸ್ತಿ ಮಾಡಿತು. ಲಂಡನ್ನಿಗೆ ಅವನು ವೀರ, ಬೆಟ್ಟದವರಿಗೆ ಕಟುಕ.

ಆ ವೀರನ ಚಿತ್ರಗಳು ಹೇಗಿದ್ದವು? ಈಗ ಇದನ್ನು ನೋಡಿ. ಇದು ಡೇವಿಡ್ ಮೋರಿಯರ್ ಬರೆದ ಮಾದರಿ. ಮೋರಿಯರ್ ಸ್ವಿಸ್ ಕಲಾವಿದ, ಕಂಬರ್‌ಲ್ಯಾಂಡ್‌ನ ಆಶ್ರಯದಲ್ಲಿದ್ದವನು. ಸೈನ್ಯದ ಒಂದೊಂದು ರೆಜಿಮೆಂಟಿನ ಸಮವಸ್ತ್ರವನ್ನೂ ಗುಂಡಿ ಸಮೇತ ಬರೆದಿಟ್ಟವನು. ಇಲ್ಲಿ ಡ್ಯೂಕ್ ಕುದುರೆಯ ಮೇಲಿದ್ದಾನೆ. ಕೆಂಪು ಕೋಟು, ಚಿನ್ನದ ಜರಿ. ಹಿಂದೆ ಹೊಗೆ, ಸೈನ್ಯ, ಬಯಲು. ಇದರ ಪ್ರತಿಗಳು ಎಷ್ಟೋ ಹೊರಟವು. ಹೋಟೆಲುಗಳ ಬೋರ್ಡಿನ ಮೇಲೂ ಅವನ ತಲೆ ಬಂತು. ಕುದುರೆ, ಹೊಗೆ, ಬಯಲು ಈ ಮೂರನ್ನು ನೆನಪಿಟ್ಟುಕೊಳ್ಳಿ.

ಹನ್ನೊಂದು ವರ್ಷ ಮುಂದಕ್ಕೆ ಬನ್ನಿ. 1757. ಏಳು ವರ್ಷದ ಯುದ್ಧ ಶುರುವಾಗಿದೆ. ಎರಡನೇ ಜಾರ್ಜ್ ಬ್ರಿಟನ್ನಿಗೆ ರಾಜ, ಜರ್ಮನಿಯ ಹ್ಯಾನೋವರ್‌ಗೂ ಅವನೇ ಒಡೆಯ. ಹ್ಯಾನೋವರ್ ಉಳಿಸು ಅಂತ ಮಗನನ್ನು ಕಳಿಸಿದ. ಜುಲೈ 26ರಂದು ಹಾಸ್ಟೆನ್‌ಬೆಕ್‌ನಲ್ಲಿ ಸೋಲು. ಸೈನ್ಯ ಉತ್ತರಕ್ಕೆ ಸರಿದು ಸರಿದು ಮೂಲೆಗೆ ಸಿಕ್ಕಿತು. ಸೆಪ್ಟೆಂಬರಿನಲ್ಲಿ ಕ್ಲೋಸ್ಟರ್‌ಜೆವೆನ್ ಅನ್ನುವ ಊರಲ್ಲಿ ಕಂಬರ್‌ಲ್ಯಾಂಡ್ ಒಪ್ಪಂದಕ್ಕೆ ಸಹಿ ಹಾಕಿದ. ಹ್ಯಾನೋವರ್ ಫ್ರೆಂಚರ ಪಾಲಾಯಿತು.

ಒಪ್ಪಂದ ಮಾಡಿಕೊಳ್ಳುವ ಅಧಿಕಾರವನ್ನು ಅಪ್ಪನೇ ಕೊಟ್ಟಿದ್ದ. ಲಂಡನ್ನಿನಲ್ಲಿ ಗಲಾಟೆ ಎದ್ದಾಗ ಅಪ್ಪ ಕೈ ತೊಳೆದುಕೊಂಡ. ನನ್ನನ್ನು ಹಾಳು ಮಾಡಿ ತಾನೂ ಮಾನ ಕಳೆದುಕೊಂಡ ಮಗ ಇವನೇ ಅಂತ ಎಲ್ಲರೆದುರು ಹೇಳಿದನಂತೆ. ಮಗ ವಾದ ಮಾಡಲಿಲ್ಲ. ಎಲ್ಲ ಸೈನಿಕ ಹುದ್ದೆಗಳಿಗೂ ರಾಜೀನಾಮೆ ಕೊಟ್ಟ. ಆಗ ಅವನಿಗೆ ಮೂವತ್ತಾರು. ಮತ್ತೆಂದೂ ಯುದ್ಧಕ್ಕೆ ಹೋಗಲಿಲ್ಲ.

ರೆನಾಲ್ಡ್ಸ್‌ನ ಎದುರು ಕೂತದ್ದು ಈ ಮನುಷ್ಯ. ಮೊದಲ ಚಿತ್ರಕ್ಕೆ ವಾಪಸ್ ಹೋಗೋಣ. ಕುದುರೆ ಇಲ್ಲ. ಹೊಗೆ ಇಲ್ಲ. ಬಯಲು ಇಲ್ಲ. ಹುದ್ದೆ ಹೋದ ಮೇಲೂ ಯಾರೂ ಕಿತ್ತುಕೊಳ್ಳಲಾಗದ್ದು ಮಾತ್ರ ಉಳಿದಿದೆ: ರಾಜನ ಮಗ ಅನ್ನುವ ಹುಟ್ಟು, ಗಾರ್ಟರ್ ಪದವಿ. ಗಾರ್ಟರ್ ಅವನಿಗೆ ಸಿಕ್ಕಿದ್ದು ಒಂಬತ್ತನೇ ವಯಸ್ಸಿನಲ್ಲಿ, 1730ರಲ್ಲಿ. ಗೆದ್ದು ತಂದದ್ದಲ್ಲ, ಹಾಗಾಗಿ ಸೋತು ಕಳೆದುಕೊಳ್ಳುವಂಥದ್ದೂ ಅಲ್ಲ. ರೆನಾಲ್ಡ್ಸ್ ಜಾಣ. ಯಾವುದನ್ನು ಬಿಡಬೇಕು ಅನ್ನುವುದು ಅವನಿಗೆ ಗೊತ್ತಿತ್ತು.

ಈಗ ಸ್ಟುಡಿಯೊ. ನನಗೆ ನಿಜವಾಗಿ ಇಷ್ಟವಾದ ಭಾಗ ಇದು. ಸ್ವಲ್ಪ ನಿಧಾನವಾಗಿ ಹೋಗುತ್ತೇನೆ.

ರೆನಾಲ್ಡ್ಸ್ ಡೆವನ್ ಸೀಮೆಯ ಶಾಲಾ ಮೇಷ್ಟರ ಮಗ. ಲಂಡನ್ನಿನಲ್ಲಿ ಥಾಮಸ್ ಹಡ್ಸನ್ ಬಳಿ ಕಲಿತ, ಆಮೇಲೆ ಇಟಲಿಗೆ ಹೋದ. 1752ರಲ್ಲಿ ವಾಪಸ್ ಬರುವಾಗ ಜ್ಯುಸೆಪ್ಪೆ ಮಾರ್ಕಿ ಅನ್ನುವ ರೋಮಿನ ಹುಡುಗನನ್ನು ಜೊತೆಗೆ ಕರೆತಂದ. ನಡುವೆ ಸ್ವಲ್ಪ ಕಾಲ ಬಿಟ್ಟರೆ, ಮಾರ್ಕಿ ರೆನಾಲ್ಡ್ಸ್ ಸಾಯುವವರೆಗೂ, ಅಂದರೆ 1792ರವರೆಗೆ, ಅವನ ಸಹಾಯಕನಾಗಿದ್ದ. ನಲವತ್ತು ವರ್ಷ. ಮಾರ್ಕಿಯ ಹೆಸರು ಕೇಳಿದವರು ಇಲ್ಲಿ ಎಷ್ಟು ಜನ? ಇರಲಿ ಬಿಡಿ.

ರೆನಾಲ್ಡ್ಸ್ ಪುಟ್ಟ ಡೈರಿಗಳನ್ನು ಇಟ್ಟಿದ್ದ. ಯಾವ ದಿನ, ಎಷ್ಟು ಗಂಟೆಗೆ, ಯಾರು ಕೂರಲು ಬರುತ್ತಾರೆ ಅಂತ ಬರೆದುಕೊಳ್ಳುತ್ತಿದ್ದ. ಕೆಲವು ವರ್ಷಗಳದ್ದು ಕಳೆದುಹೋಗಿವೆ, ಉಳಿದವು ಇವೆ. 1758ರಲ್ಲಿ ಸುಮಾರು 150 ಜನ ಬಂದು ಕೂತಿದ್ದಾರೆ. ವರ್ಷಕ್ಕೆ ಇಷ್ಟು ಚಿತ್ರಗಳನ್ನು ಒಬ್ಬನೇ ಕೂತು ಪಾದದ ಬಕಲ್‌ನಿಂದ ಹಿಡಿದು ಹಿಂದಿನ ಪರದೆಯವರೆಗೆ ಬರೆಯಲು ಸಾಧ್ಯವೇ? ಸಾಧ್ಯವಿಲ್ಲ. ಅವನೂ ಹಾಗಂತ ಯಾರಿಗೂ ಹೇಳಿಕೊಳ್ಳಲಿಲ್ಲ.

ಇದು ಊಹೆಯ ಮಾತಲ್ಲ. 1777ರಲ್ಲಿ ಚಿತ್ರ ಬರೆಸಬೇಕೆಂದಿದ್ದ ಒಬ್ಬರಿಗೆ ರೆನಾಲ್ಡ್ಸ್ ಬರೆದ ಪತ್ರ ಇದೆ. ಅದರಲ್ಲಿ ದರ ಇದೆ, ಸಮಯ ಇದೆ. ತಲೆ ಮಾತ್ರ ಆದರೆ 35 ಗಿನಿ. ಮಂಡಿಯವರೆಗೆ 70. ಪೂರ್ತಿ ಆಳುದ್ದ 150. ಒಂದು ಗಿನಿ ಅಂದರೆ 21 ಶಿಲಿಂಗ್. ಸಾಮಾನ್ಯವಾಗಿ ಮೂರು ಸಲ ಬಂದು ಕೂರಬೇಕು, ಒಂದೊಂದು ಸಲ ಒಂದೂವರೆ ಗಂಟೆ. ಅವಸರ ಇದ್ದರೆ ಮುಖವನ್ನು ಒಂದೇ ದಿನದಲ್ಲಿ ಮುಗಿಸಬಹುದು. ಮುಖ ಮುಗಿದ ಮೇಲೆ ಉಳಿದದ್ದನ್ನು ತಮಗೆ ತೊಂದರೆ ಕೊಡದೆ ಮಾಡುತ್ತೇವೆ ಅನ್ನುವ ಅರ್ಥದ ಮಾತು ಅದರಲ್ಲಿದೆ.

ಆ ಕೊನೆಯ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ. ಉಳಿದದ್ದು ಅಂದರೆ ಏನು? ಭುಜ, ತೋಳು, ಕೈ, ರೇಷ್ಮೆ, ಜರಿ, ಪದಕ, ಕತ್ತಿ, ಕಂಬ, ಪರದೆ, ಆಕಾಶ. ಒಬ್ಬ ಸೇನಾಪತಿಯನ್ನು ಸೇನಾಪತಿ ಅಂತ ನಾವು ಗುರುತಿಸುವುದು ಯಾವುದರಿಂದಲೋ ಅದೆಲ್ಲ! ಆ ಹೊತ್ತಿಗೆ ಅವನು ಮನೆಯಲ್ಲಿ ಊಟ ಮಾಡುತ್ತಿರುತ್ತಾನೆ.

ನಮ್ಮೂರುಗಳ ಹಳೇ ಫೋಟೊ ಸ್ಟುಡಿಯೊಗಳಲ್ಲಿ ಗೋಡೆಗೆ ಒಂದು ಕೋಟು, ಒಂದು ಟೈ ನೇತುಹಾಕಿರುತ್ತಿದ್ದರು, ನೆನಪಿದೆಯಾ? ಯಾರೇ ಬಂದರೂ ಅದನ್ನೇ ಹಾಕಿಕೊಂಡು ಕೂರುತ್ತಿದ್ದರು. ಲಂಡನ್ನಿನಲ್ಲಿ ಆ ಕೋಟನ್ನು ಮರದ ಬೊಂಬೆ ಹಾಕಿಕೊಳ್ಳುತ್ತಿತ್ತು. ಗಿರಾಕಿ ತನ್ನ ಉಡುಪನ್ನು ಕಳಿಸಿಕೊಡುತ್ತಿದ್ದ. ಆಳಿನ ಆಕಾರದ ಬೊಂಬೆಗೆ ಅದನ್ನು ತೊಡಿಸಿ, ಮಡಿಕೆಗಳನ್ನು ಸರಿಮಾಡಿ ನಿಲ್ಲಿಸುತ್ತಿದ್ದರು. ಮನುಷ್ಯನಾದರೆ ಅಲ್ಲಾಡುತ್ತಾನೆ, ಬೊಂಬೆ ಅಲ್ಲಾಡುವುದಿಲ್ಲ. ಮಡಿಕೆ ವಾರಗಟ್ಟಲೆ ಹಾಗೇ ಇರುತ್ತದೆ.

ಬಟ್ಟೆ ಬರೆಯುವುದೇ ಕಸುಬಾದ ಕಲಾವಿದರಿದ್ದರು. ರೆನಾಲ್ಡ್ಸ್‌ಗಿಂತ ಹಿಂದಿನ ತಲೆಮಾರಿನಲ್ಲಿ ಜೋಸೆಫ್ ವ್ಯಾನ್ ಆಕನ್ ಅಂತ ಒಬ್ಬ. ಲಂಡನ್ನಿನ ಅರ್ಧ ಕಲಾವಿದರ ಮುಖಗಳಿಗೆ ಅವನೇ ಬಟ್ಟೆ ತೊಡಿಸುತ್ತಿದ್ದ. ಬೇರೆ ಬೇರೆ ಕಲಾವಿದರ ಚಿತ್ರಗಳಲ್ಲಿ ಒಂದೇ ಥರದ ಸ್ಯಾಟಿನ್ ಹೊಳಪು ಕಂಡರೆ ಅದು ಕಾಕತಾಳೀಯವಲ್ಲ. ರೆನಾಲ್ಡ್ಸ್‌ಗೆ ಪೀಟರ್ ಟಾಮ್ಸ್ ಅನ್ನುವವನು ಕೆಲಸ ಮಾಡಿಕೊಟ್ಟಿದ್ದಾನೆ. ಟಾಮ್ಸ್ ಸಣ್ಣ ಮನುಷ್ಯನೇನಲ್ಲ. 1768ರಲ್ಲಿ ರಾಯಲ್ ಅಕಾಡೆಮಿ ಶುರುವಾದಾಗ ರೆನಾಲ್ಡ್ಸ್ ಅದರ ಅಧ್ಯಕ್ಷ, ಟಾಮ್ಸ್ ಅದರ ಸ್ಥಾಪಕ ಸದಸ್ಯ.

ಪ್ರತಿಗಳ ವಿಷಯ ಇನ್ನೊಂದು. ರಾಜಮನೆತನದವನೊಬ್ಬನ ಚಿತ್ರ ಒಂದೇ ಸಾಕಾಗುವುದಿಲ್ಲ. ಅಕ್ಕನಿಗೆ ಒಂದು ಬೇಕು, ಸ್ನೇಹಿತನ ಅರಮನೆಗೆ ಒಂದು ಬೇಕು, ಅವನ ಕೈಕೆಳಗಿದ್ದ ಅಧಿಕಾರಿಗೆ ಒಂದು ಬೇಕು. ಡ್ಯೂಕ್ ಮತ್ತೆ ಮತ್ತೆ ಬಂದು ಕೂರುವುದಿಲ್ಲ. ಮೊದಲ ಚಿತ್ರವನ್ನು ಎದುರಿಗಿಟ್ಟುಕೊಂಡು ಸಹಾಯಕರು ಪ್ರತಿ ಬರೆಯುತ್ತಾರೆ. ಯಜಮಾನ ಬಂದು ಮುಖದ ಮೇಲೆ ಒಂದೆರಡು ಕಡೆ ಕುಂಚ ಆಡಿಸಬಹುದು, ಆಡಿಸದೆಯೂ ಇರಬಹುದು. ಗಿರಾಕಿಗೆ ಇದು ಗೊತ್ತು. ಇದರಲ್ಲಿ ಮೋಸ ಏನೂ ಇಲ್ಲ. ಅಲನ್ ರಾಮ್ಸೆಯ ಸ್ಟುಡಿಯೊದಲ್ಲಂತೂ ಇದು ವಿಪರೀತಕ್ಕೆ ಹೋಯಿತು. 1760ರಲ್ಲಿ ಮೂರನೇ ಜಾರ್ಜ್ ರಾಜನಾದ ಮೇಲೆ ಅವನ ಪಟ್ಟದ ಚಿತ್ರವನ್ನು ರಾಯಭಾರಿಗಳಿಗೆ, ಗವರ್ನರುಗಳಿಗೆ ಕಳಿಸಬೇಕಿತ್ತು. ರಾಜ, ರಾಣಿಯರ ಜೋಡಿ ಚಿತ್ರಗಳು ನೂರಕ್ಕೂ ಜಾಸ್ತಿ ತಯಾರಾದವು. ತಮಾಷೆ ಏನು ಗೊತ್ತಾ? ಇದೇ ರಾಮ್ಸೆ 1745ರಲ್ಲಿ ಎಡಿನ್‌ಬರೊದಲ್ಲಿ ದಂಗೆಯ ರಾಜಕುಮಾರ ಚಾರ್ಲ್ಸ್ ಎಡ್ವರ್ಡ್‌ನ ಚಿತ್ರವನ್ನೂ ಬರೆದಿದ್ದ. ಕುಂಚಕ್ಕೆ ಪಕ್ಷ ಇಲ್ಲ, ಅಲ್ವಾ?

ಬಣ್ಣದ ಬಗ್ಗೆಯೂ ಒಂದು ಮಾತು. ರೆನಾಲ್ಡ್ಸ್ ಮುಖ ಬರೆಯಲು ಕೆಲವು ನಾಜೂಕು ಕೆಂಪುಗಳನ್ನು ಬಳಸುತ್ತಿದ್ದ. ಬೆಳಕಿಗೆ ಅವು ನಿಲ್ಲಲಿಲ್ಲ. ಅವನು ಬದುಕಿದ್ದಾಗಲೇ ಕೆನ್ನೆಗಳು ಬಿಳಿಚಿಕೊಂಡವು, ದೂರುಗಳೂ ಬಂದವು. ಅವನ ಎಷ್ಟೋ ಚಿತ್ರಗಳಲ್ಲಿ ಮನುಷ್ಯರು ರಕ್ತಹೀನರಂತೆ ಕಾಣುವುದಕ್ಕೆ ಅವರ ಆರೋಗ್ಯ ಕಾರಣವಲ್ಲ. ಬಟ್ಟೆ ಬರೆದವರು ಹಳೇ ಪದ್ಧತಿಯ ಗಟ್ಟಿ ಬಣ್ಣ ಬಳಸಿದ್ದರೆ ಕೋಟು ಹೊಸದರಂತೆ ಉಳಿದು ಮುಖ ಮಾತ್ರ ಮಾಸುತ್ತದೆ.

ಈಗ ಸ್ವಲ್ಪ ದಾರಿ ಬಿಟ್ಟು ಶ್ರೀರಂಗಪಟ್ಟಣಕ್ಕೆ ಹೋಗಿಬರೋಣ. ಸುಮ್ನೆ ಎಳೆದು ತರುತ್ತಿಲ್ಲ, ನೇರ ನಂಟಿದೆ.

ಕಲ್ಲೋಡನ್ ಯುದ್ಧದ ಹಿಂದಿನ ದಿನ ಅರ್ಲ್ ಆಫ್ ಕ್ರೊಮಾರ್ಟಿ ಅನ್ನುವ ಸ್ಕಾಟಿಷ್ ಸರದಾರ ಸೆರೆ ಸಿಕ್ಕಿದ. ಜೊತೆಗೆ ಅವನ ಮಗ, ಲಾರ್ಡ್ ಮೆಕ್ಲೌಡ್. ಇಬ್ಬರೂ ದಂಗೆಯವರು. ಅಪ್ಪನಿಗೆ ಮರಣದಂಡನೆ ಆಗಿ, ಕೊನೆಗೆ ಜೀವ ಉಳಿಯಿತು. ಆಸ್ತಿ ಹೋಯಿತು. ಮಗ ಕ್ಷಮೆ ಪಡೆದು ಸ್ವೀಡನ್ ಸೈನ್ಯ ಸೇರಿದ. ಮೂವತ್ತು ವರ್ಷದ ಮೇಲೆ, 1777ರಲ್ಲಿ, ವಾಪಸ್ ಬಂದು ಅದೇ ಬ್ರಿಟಿಷ್ ರಾಜಮನೆತನಕ್ಕಾಗಿ ಬೆಟ್ಟದ ಜನರ ಒಂದು ಪಡೆ ಕಟ್ಟಿದ. 73ನೇ ಹೈಲ್ಯಾಂಡರ್ಸ್. ದಂಗೆಯ ಮೇಲೆ ಹೈಲ್ಯಾಂಡಿನ ಗಂಡಸರು ತಮ್ಮ ಉಡುಪು ತೊಡುವುದನ್ನೇ ಕಾನೂನು ನಿಷೇಧಿಸಿತ್ತು. ಸೈನ್ಯ ಸೇರಿದವರಿಗೆ ಮಾತ್ರ ವಿನಾಯಿತಿ. ಆ ಪಡೆ 1780ರಲ್ಲಿ ಮದ್ರಾಸಿಗೆ ಬಂದಿಳಿಯಿತು. ಸೆಪ್ಟೆಂಬರ್ 10ರಂದು ಪೊಳ್ಳಿಲೂರಿನಲ್ಲಿ ಹೈದರ್ ಮತ್ತು ಟಿಪ್ಪು ಕರ್ನಲ್ ಬೇಯ್ಲಿಯ ಸೈನ್ಯವನ್ನು ಮುಗಿಸಿದಾಗ ಅದರಲ್ಲಿ ಈ 73ನೇ ಪಡೆಯ ಎರಡು ತುಕಡಿಗಳಿದ್ದವು. ಸೆರೆ ಸಿಕ್ಕವರನ್ನು ಶ್ರೀರಂಗಪಟ್ಟಣಕ್ಕೆ ತಂದರು. ಅವರಲ್ಲಿ ಒಬ್ಬ ಕ್ಯಾಪ್ಟನ್ ಡೇವಿಡ್ ಬೇರ್ಡ್. 1784ರಲ್ಲಿ ಬಿಡುಗಡೆಯಾದ. 1799ರ ಮೇ 4ರಂದು ಕೋಟೆಗೆ ನುಗ್ಗಿದ ಸೈನ್ಯದ ಮುಂದೆ ನಿಂತವನೂ ಅವನೇ.

ದರಿಯಾ ದೌಲತ್‌ನ ಗೋಡೆಯ ಮೇಲೆ ಆ ಪೊಳ್ಳಿಲೂರು ಯುದ್ಧ ಇದೆ. ನಿಮ್ಮಲ್ಲಿ ಎಷ್ಟೋ ಜನ ಶಾಲೆಯ ಪ್ರವಾಸದಲ್ಲೇ ನೋಡಿರುತ್ತೀರಿ. ಅಲ್ಲಿಯೂ ದಂಡನಾಯಕರ ಚಿತ್ರಗಳೇ. ಆದರೆ ವಿಧಾನ ಎಷ್ಟು ಬೇರೆ! ಹೈದರ್, ಟಿಪ್ಪು ಪಕ್ಕದಿಂದ ಕಾಣುತ್ತಾರೆ. ಮುಖದಲ್ಲಿ ಗಾಬರಿ ಇಲ್ಲ, ಬೆವರಿಲ್ಲ. ಬೇಯ್ಲಿ ಮಾತ್ರ ಪಲ್ಲಕ್ಕಿಯಲ್ಲಿ ಸಿಕ್ಕಿಬಿದ್ದವನ ಹಾಗೆ ಕೂತಿದ್ದಾನೆ. ಸುತ್ತ ಸಾಲು ಸಾಲು ಸೈನಿಕರು. ಆ ಗೋಡೆಯೂ ಒಂದೇ ಕೈಯದಲ್ಲ. ಬರೆದದ್ದು, ಸುಣ್ಣ ಬಳಿದದ್ದು, ಮತ್ತೆ ಬರೆಸಿದ್ದು ಎಲ್ಲ ಆಗಿದೆ. 1855ರಲ್ಲಿ ಡಾಲ್‌ಹೌಸಿಯ ಆದೇಶದ ಮೇಲೂ ಮತ್ತೆ ಬರೆಸಿದರು. ಅಲ್ಲಿ ಬರೆದವರ ಹೆಸರು ಗೋಡೆಯ ಮೇಲೆ ಇಲ್ಲವೇ ಇಲ್ಲ. ಇಲ್ಲಿ ಒಬ್ಬನ ಹೆಸರು ಮಾತ್ರ ಇದೆ. ನನಗೆ ಎರಡೂ ಒಂದೇ ಥರದ ಮರೆವು ಅನ್ನಿಸುತ್ತದೆ.

ಮತ್ತೆ ಲಂಡನ್ನಿಗೆ. ಈ ಚಿತ್ರದ ಪಕ್ಕದಲ್ಲಿ ಇಡಬೇಕಾದ ಇನ್ನೊಂದು ಚಿತ್ರ ಇದು. ಫೀಲ್ಡ್ ಮಾರ್ಷಲ್ ಲಿಗೊನಿಯರ್. ಇದೂ ರೆನಾಲ್ಡ್ಸ್‌ದು, 1760ರದು. ನೋಡಿದಿರಾ? ಕುದುರೆ ಬಂತು. ಹೊಗೆ ಬಂತು. ಬಯಲೂ ಬಂತು. ಆಗ ಲಿಗೊನಿಯರ್‌ಗೆ ಎಂಬತ್ತು ವಯಸ್ಸು!

1757ರಲ್ಲಿ ಕಂಬರ್‌ಲ್ಯಾಂಡ್ ಬಿಟ್ಟ ಜಾಗಕ್ಕೆ ಬಂದವನು ಈ ಲಿಗೊನಿಯರ್. ಹತ್ತು ವರ್ಷ ಹಿಂದೆ ಲಾಫೆಲ್ಡ್ ಅನ್ನುವಲ್ಲಿ ಕಂಬರ್‌ಲ್ಯಾಂಡ್ ಇನ್ನೊಮ್ಮೆ ಸ್ಯಾಕ್ಸ್‌ನ ಕೈಯಲ್ಲಿ ಸೋತಾಗ, ಕುದುರೆಪಡೆಯ ಜೊತೆ ನುಗ್ಗಿ ಶತ್ರುವನ್ನು ತಡೆದು, ಸೈನ್ಯ ತಪ್ಪಿಸಿಕೊಳ್ಳಲು ಹೊತ್ತು ಕೊಟ್ಟವನೂ ಇವನೇ. ಅವತ್ತು ತಾನು ಸೆರೆ ಸಿಕ್ಕಿದ. ಹೆಚ್ಚುಕಡಿಮೆ ಒಂದೇ ಕಾಲದಲ್ಲಿ ಒಬ್ಬನೇ ಕಲಾವಿದನ ಬಳಿ ಇಬ್ಬರೂ ಬಂದಿದ್ದಾರೆ. ಇಬ್ಬರಿಗೂ ಕುದುರೆ ಏರುವ ಮೈ ಉಳಿದಿರಲಿಲ್ಲ. ಒಬ್ಬ ತುಂಬಾ ದಪ್ಪ, ಒಬ್ಬ ತುಂಬಾ ಮುದುಕ. ಹುದ್ದೆಯಲ್ಲಿದ್ದವನಿಗೆ ಕುದುರೆ ಸಿಕ್ಕಿತು.

ಆದರೆ ಕುದುರೆಯ ವಿಷಯದಲ್ಲಿ ಕಂಬರ್‌ಲ್ಯಾಂಡ್ ಸೋಲಲಿಲ್ಲ ಬಿಡಿ. ಸೈನ್ಯ ಬಿಟ್ಟ ಮೇಲೆ ವಿಂಡ್ಸರ್‌ನಲ್ಲಿ ಕೂತು ರೇಸ್ ಕುದುರೆ ಸಾಕಿದ. 1764ರಲ್ಲಿ ಸೂರ್ಯಗ್ರಹಣದ ದಿನ ಅವನ ಲಾಯದಲ್ಲಿ ಹುಟ್ಟಿದ ಮರಿಗೆ ಎಕ್ಲಿಪ್ಸ್ ಅಂತ ಹೆಸರಿಟ್ಟರು. ಅದು ಒಂದು ರೇಸನ್ನೂ ಸೋಲಲಿಲ್ಲ. ಇವತ್ತಿನ ಥರೋಬ್ರೆಡ್ ಕುದುರೆಗಳಲ್ಲಿ ಬಹುಪಾಲಿನ ಗಂಡು ವಂಶ ಅದಕ್ಕೇ ಹೋಗಿ ಮುಟ್ಟುತ್ತದೆ. ಬೆಂಗಳೂರು, ಮೈಸೂರಿನ ರೇಸ್ ಕೋರ್ಸಿನಲ್ಲಿ ಓಡುವ ಕುದುರೆಗಳದ್ದೂ ಸೇರಿಸಿ. ಆ ಮರಿ ಓಡುವುದನ್ನು ನೋಡಲು ಡ್ಯೂಕ್ ಇರಲಿಲ್ಲ. 1765ರ ಅಕ್ಟೋಬರ್ 31ರಂದು, ನಲವತ್ತನಾಲ್ಕನೇ ವಯಸ್ಸಿನಲ್ಲಿ ಸತ್ತ. ಮರಿಯನ್ನು ಮಾರಿದರು.

ಅವನು ಸತ್ತ ಮೇಲೆ ಒಂದು ಕುದುರೆ ಸಿಕ್ಕಿತು. 1770ರಲ್ಲಿ ಲಂಡನ್ನಿನ ಕ್ಯಾವೆಂಡಿಷ್ ಚೌಕದಲ್ಲಿ ಅವನ ಅಶ್ವಾರೋಹಿ ಪ್ರತಿಮೆ ನಿಲ್ಲಿಸಿದರು. ಸೀಸದ್ದು, ಮೇಲೆ ಚಿನ್ನದ ಲೇಪ. ಮಾಡಿಸಿದವನು ಅವನ ಕೈಕೆಳಗಿದ್ದ ಜನರಲ್ ವಿಲಿಯಂ ಸ್ಟ್ರೋಡ್. ಪೀಠದ ಮೇಲೆ ಸ್ಟ್ರೋಡ್ ಬರೆಸಿದ್ದು ಡ್ಯೂಕ್ ತನಗೆ ತೋರಿದ ಕರುಣೆಗೆ ಕೃತಜ್ಞತೆ, ಅವನ ಸಾರ್ವಜನಿಕ ಗುಣಕ್ಕೆ ಗೌರವ ಅಂತ. 1868ರಲ್ಲಿ ಪ್ರತಿಮೆ ಇಳಿಸಿದರು. ಖಾಲಿ ಪೀಠ ಹಾಗೇ ಉಳಿಯಿತು. 2012ರಲ್ಲಿ ಕೊರಿಯಾ ಮೂಲದ ಕಲಾವಿದೆ ಮೀಕ್ಯಂಗ್ ಶಿನ್ ಅದೇ ಪೀಠದ ಮೇಲೆ ಅದೇ ಪ್ರತಿಮೆಯನ್ನು ಮತ್ತೆ ಮಾಡಿ ನಿಲ್ಲಿಸಿದರು. ಪೂರ್ತಿ ಸೋಪಿನಲ್ಲಿ! ಮಳೆಗೆ ಕರಗುವುದು, ಬಿರುಕು ಬಿಡುವುದು, ತುಂಡು ಉದುರುವುದು ಎಲ್ಲ ಆ ಕೃತಿಯ ಭಾಗವೇ. ಓಡಾಡುವವರಿಗೆ ವಾಸನೆಯೂ ಬರುತ್ತಿತ್ತಂತೆ.

ಕೊನೆಯಲ್ಲಿ ಒಂದು ಪ್ರಶ್ನೆ ಇದ್ದೇ ಇರುತ್ತದೆ, ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಹಾಗಾದರೆ ಈ ಸ್ಟುಡಿಯೊ ಚಿತ್ರ ಅಸಲಿಯೋ ನಕಲಿಯೋ? ಹರಾಜಿನವರಿಗೆ ಇದು ದೊಡ್ಡ ವಿಷಯ. ರೆನಾಲ್ಡ್ಸ್ ಅನ್ನುವುದಕ್ಕೂ ರೆನಾಲ್ಡ್ಸ್‌ನ ಸ್ಟುಡಿಯೊ ಅನ್ನುವುದಕ್ಕೂ ಬೆಲೆಯಲ್ಲಿ ಭೂಮಿ ಆಕಾಶದ ವ್ಯತ್ಯಾಸ. ಪರೀಕ್ಷೆ ಮಾಡುವ ದಾರಿಗಳಿವೆ. ಎಕ್ಸ್‌ರೇ ಹಾಕಿದರೆ ಮೂಲ ಚಿತ್ರದಲ್ಲಿ ತಿದ್ದುಪಡಿ ಕಾಣಿಸುವುದುಂಟು. ಕೈ ಮೊದಲು ಎಲ್ಲೋ ಇತ್ತು, ಆಮೇಲೆ ಸರಿಸಿದರು, ಭುಜ ಸ್ವಲ್ಪ ಇಳಿಸಿದರು, ಹೀಗೆ. ಪ್ರತಿ ಬರೆಯುವವನಿಗೆ ಆ ಗೊಂದಲ ಇಲ್ಲ. ಉತ್ತರ ಅವನ ಎದುರಿಗೇ ಇದೆ, ನೇರ ಬರೆದುಬಿಡುತ್ತಾನೆ.

ನನಗೆ ಮಾತ್ರ ಅಸಲಿಗಿಂತ ಈ ಪ್ರತಿಯೇ ಜಾಸ್ತಿ ಕುತೂಹಲ ಹುಟ್ಟಿಸುತ್ತದೆ. ಒಂದು ಚಿತ್ರ ಬರೆಸಿಕೊಳ್ಳಲು ಒಬ್ಬ ಮನುಷ್ಯನ ಹಟ ಸಾಕು. ಪ್ರತಿ ಬೇಕಾದರೆ ಕೇಳುವವರು ಬೇಕು. ಕೆಲಸ ಹೋಗಿ, ಅಪ್ಪನೇ ಎಲ್ಲರೆದುರು ಬೈದು, ಬೆಟ್ಟದ ಜನ ಶಾಪ ಹಾಕುತ್ತಿದ್ದಾಗಲೂ ಈ ಮುಖವನ್ನು ತಮ್ಮ ಗೋಡೆಗೆ ಬೇಕು ಅಂದವರು ಇದ್ದರು. ಸ್ಟುಡಿಯೊ ಪ್ರತಿ ಬರೆದದ್ದು ಅವರಿಗಾಗಿ.